ಮನದ ಭಾರ, ಮೈಯ ಭಾರ: ಕಾಫಿ ತೋಟದ ಮೇಲ್ವಿಚಾರಕರ ಆರೋಗ್ಯ

ಈ ಸಂಚಿಕೆಯು ಓದುಗರ ಕೈಸೇರುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿರುತ್ತದೆ. ಆಲ್ದೂರಿನಿಂದ ಬಾಳೆಹೊನ್ನೂರಿನವರೆಗೆ, ಮೂಡಿಗೆರೆಯಿಂದ ಕಳಸದವರೆಗೆ ಕಣಗಳನ್ನು ಗುಡಿಸಿ ತೊಳೆದು, ಪಲ್ಪರ್ ಯಂತ್ರಗಳಿಗೆ ಎಣ್ಣೆ ಹಾಕಿ, ಲೈನ್ ಮನೆಗಳಿಗೆ ಹೊಸ ಆಳುಗಳನ್ನು ಕರೆತರುವ ಗಡಿಬಿಡಿ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ, ಅದರ ಬೆನ್ನಿಗೇ ಮೆಣಸು. ಈ ನಾಲ್ಕೈದು ತಿಂಗಳು ತೋಟದಲ್ಲಿ ದಣಿಯದವರಿಲ್ಲ. ಆದರೆ ದಣಿವು ಎಲ್ಲರ ಮೈಯಲ್ಲೂ ಒಂದೇ ಬಗೆಯ ಗುರುತನ್ನು ಬಿಡುವುದಿಲ್ಲ. ಹಣ್ಣು ಕೊಯ್ದ ಹೆಣ್ಣುಮಗಳು ಮಾರ್ಚ್ ತಿಂಗಳ ಹೊತ್ತಿಗೆ ಇನ್ನಷ್ಟು ಸೊರಗಿರುತ್ತಾಳೆ. ಅವಳ ಹಾಜರಿ ಬರೆದು, ಅವಳು ತಂದ ಮೂಟೆಯನ್ನು ತೂಗಿಸಿ, ರಾತ್ರಿ ಕುಳಿತು ಲೆಕ್ಕ ಹೊಂದಿಸಿದ ಮ್ಯಾನೇಜರರ ಬೆಲ್ಟು ಒಂದು ತೂತು ಸಡಿಲವಾಗಿರುತ್ತದೆ. ಇಬ್ಬರೂ ಒಂದೇ ತೋಟದಲ್ಲಿ, ಒಂದೇ ಋತುವಿನಲ್ಲಿ ದುಡಿದವರು. ಈ ತಿಂಗಳ ಆರೋಗ್ಯ ಪಾಠಕ್ಕೆ ನಾವು ಎತ್ತಿಕೊಂಡಿರುವುದು ಈ ಎರಡನೆಯವರ ಸಮಸ್ಯೆಯನ್ನು.

ಮೇಲ್ವಿಚಾರಕರೆಂದರೆ ದೊಡ್ಡ ಕಂಪನಿ ತೋಟದ ಮ್ಯಾನೇಜರರು ಮಾತ್ರವಲ್ಲ. ಹಾಜರಿ ಪುಸ್ತಕ ಹಿಡಿದ ರೈಟರು, ಫೀಲ್ಡ್ ಆಫೀಸರು, ಹತ್ತಿಪ್ಪತ್ತು ಎಕರೆ ತೋಟವನ್ನು ತಾವೇ ನಿಂತು ನೋಡಿಕೊಳ್ಳುವ ಬೆಳೆಗಾರರು, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳ ಅಧಿಕಾರಿಗಳು, ಸಹಕಾರ ಸಂಘಗಳ ವ್ಯವಸ್ಥಾಪಕರು, ಹೀಗೆ ದುಡಿಸುವ ಹೊಣೆ ಹೊತ್ತವರೆಲ್ಲರೂ ಈ ಮಾತಿನೊಳಗೆ ಬರುತ್ತಾರೆ. ಇವರಲ್ಲಿ ಅನೇಕರು ಈ ಪತ್ರಿಕೆಯ ಓದುಗರೂ ಹೌದು. ತೂಕದ ಮಾತೆತ್ತಿದರೆ ಅವರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಬೆಳಗಾದರೆ ತೋಟ, ಬೈಗಾದರೆ ಕಣ. ನಮಗೆ ಬೇರೆ ವ್ಯಾಯಾಮ ಯಾತಕ್ಕೆ ಸ್ವಾಮಿ?" ಮಾತು ಸುಳ್ಳಲ್ಲ. ಆದರೆ ಮೂವತ್ತು ವರ್ಷಗಳ ಹಿಂದೆ ಅದು ಎಷ್ಟು ನಿಜವಾಗಿತ್ತೋ ಇಂದು ಅಷ್ಟು ನಿಜವಾಗಿ ಉಳಿದಿಲ್ಲ.

ತೋಟದ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಬೆಳಗಿನ ಹಾಜರಿ ಮುಗಿಸಿ, ಕೈಯಲ್ಲೊಂದು ಕೋಲು ಹಿಡಿದು ಹೊರಟ ಮ್ಯಾನೇಜರರು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಕಾಲುದಾರಿಯಲ್ಲೇ ಇಳಿದು ಹತ್ತುತ್ತಿದ್ದರು. ಮರಗಸಿ ನಡೆಯುವಲ್ಲಿಗೆ, ಗೊಬ್ಬರ ಹಾಕುವಲ್ಲಿಗೆ, ಕಾಂಡಕೊರಕ ಬಿದ್ದ ಗಿಡಗಳನ್ನು ಗುರುತು ಮಾಡುವಲ್ಲಿಗೆ ಕಾಲೇ ಕರೆದೊಯ್ಯಬೇಕಿತ್ತು. ಈಗ ತೋಟದ ಒಳಗೆಲ್ಲ ಜೀಪು ಹೋಗುವ ದಾರಿಗಳಾಗಿವೆ. ಜೀಪು ಹೋಗದಲ್ಲಿ ಬೈಕು ಹೋಗುತ್ತದೆ. ಎರಡೂ ಹೋಗದಲ್ಲಿ ಮೇಸ್ತ್ರಿ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುತ್ತಾನೆ. ದಿನಕ್ಕೆ 8 ಕಿಲೋಮೀಟರ್ ನಡೆಯುತ್ತಿದ್ದವರು 2 ಕಿಲೋಮೀಟರಿಗೆ ಇಳಿದರೆಂದು ಇಟ್ಟುಕೊಳ್ಳೋಣ. 70 ಕಿಲೋ ತೂಕದ ಒಬ್ಬರು ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ ವ್ಯಯವಾಗುತ್ತದೆ. ನಮ್ಮ ಗುಡ್ಡಗಳ ಏರಿನಲ್ಲಿ ಇನ್ನೂ ಹೆಚ್ಚು. ಆರು ಕಿಲೋಮೀಟರ್ ಕಡಿಮೆಯಾದರೆ ದಿನಕ್ಕೆ 300 ಕ್ಯಾಲೊರಿ ಖರ್ಚಾಗದೆ ಉಳಿಯಿತು. ಸುಮಾರು ಎರಡು ಅಕ್ಕಿ ರೊಟ್ಟಿಯ ಲೆಕ್ಕ ಅದು. ನಡಿಗೆ ನಿಂತ ದಿನದಿಂದ ಆ ಎರಡು ರೊಟ್ಟಿಯನ್ನೂ ಬಿಟ್ಟವರು ಎಷ್ಟು ಮಂದಿ?

ಬಿಡುವುದಿಲ್ಲ ಎಂಬುದಕ್ಕೆ ಹಳೆಯದೊಂದು ಸಾಕ್ಷ್ಯವಿದೆ, ಅದೂ ನಮ್ಮ ದೇಶದ್ದೇ. 1956ರಲ್ಲಿ ಜೀನ್ ಮೇಯರ್ ಎಂಬ ಪೋಷಣಾ ವಿಜ್ಞಾನಿ, ಪೂರ್ಣಿಮಾ ರಾಯ್ ಮತ್ತು ಕೆ.ಪಿ. ಮಿತ್ರ ಅವರೊಡನೆ ಸೇರಿ, ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಮಂದಿಯನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅಂಗಡಿಯಲ್ಲಿ ಕುಳಿತೇ ಇರುವವರು, ಮೇಲ್ವಿಚಾರಕರು, ಗುಮಾಸ್ತರು, ಹಗುರ ಕೆಲಸದವರು, ಮೂಟೆ ಹೊರುವಂತಹ ಭಾರದ ಕೆಲಸದವರು, ಹೀಗೆ ದುಡಿಮೆಯ ತೀವ್ರತೆಗೆ ತಕ್ಕಂತೆ ಅವರನ್ನು ಗುಂಪು ಮಾಡಿ, ಯಾರು ಎಷ್ಟು ಉಣ್ಣುತ್ತಾರೆ, ಎಷ್ಟು ತೂಗುತ್ತಾರೆ ಎಂದು ನೋಡಿದರು. ಹಗುರ ಕೆಲಸದಿಂದ ಭಾರದ ಕೆಲಸದವರೆಗೆ ಊಟ ಏರುತ್ತ ಹೋಗಿತ್ತು, ತೂಕ ಮಾತ್ರ ಹೆಚ್ಚು ಬದಲಾಗಿರಲಿಲ್ಲ. ದುಡಿದಷ್ಟೂ ಹಸಿವು, ಹಸಿದಷ್ಟೂ ಊಟ, ಲೆಕ್ಕ ಸರಿಹೋಗಿತ್ತು. ಬೆರಗಿನ ಸಂಗತಿಯಿದ್ದದ್ದು ಇನ್ನೊಂದು ತುದಿಯಲ್ಲಿ. ಕುಳಿತೇ ಇರುವವರ ಊಟ ಎಲ್ಲರಿಗಿಂತ ಕಡಿಮೆಯಾಗಿರಬೇಕಿತ್ತು. ಹಾಗಿರಲಿಲ್ಲ. ಹಗುರ ಕೆಲಸದವರಿಗಿಂತ ಅವರೇ ಹೆಚ್ಚು ಉಣ್ಣುತ್ತಿದ್ದರು, ಹೆಚ್ಚು ತೂಗುತ್ತಿದ್ದರು.

ಈ ಒಂದು ಫಲಿತಾಂಶವನ್ನು ಓದುಗರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ. ಹಸಿವೆಂಬುದು ತಕ್ಕಡಿಯಂತೆ ಎಲ್ಲ ಕಾಲದಲ್ಲೂ ಸರಿಯಾಗಿ ತೂಗುತ್ತದೆಂದು ನಾವು ನಂಬಿದ್ದೇವೆ. ದೇಹವು ಒಂದಿಷ್ಟಾದರೂ ಚಲಿಸುತ್ತಿರುವಾಗ ಮಾತ್ರ ಅದು ಸರಿಯಾಗಿ ತೂಗುವಂತೆ ಕಾಣುತ್ತದೆ. ಚಲನೆ ಒಂದು ಮಿತಿಗಿಂತ ಕೆಳಗಿಳಿದರೆ ತಕ್ಕಡಿಯೇ ಕೆಡುತ್ತದೆ. "ನಾನು ಹಸಿವಾದಷ್ಟೇ ಉಣ್ಣುತ್ತೇನೆ" ಎನ್ನುವ ಮ್ಯಾನೇಜರರು ಸುಳ್ಳು ಹೇಳುತ್ತಿಲ್ಲ. ಅವರ ಹಸಿವೇ ಅವರಿಗೆ ತಪ್ಪು ಲೆಕ್ಕ ಕೊಡುತ್ತಿದೆ.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಗಮನಿಸಿದ್ದರು. ಡ್ರೈವರು ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಿಳಿಯುತ್ತಾನೆ. ಒಂದೇ ಸಂಸ್ಥೆ, ಒಂದೇ ಬಸ್ಸು. 1953ರಲ್ಲಿ ಪ್ರಕಟವಾದ ಅವರ ವರದಿಯಂತೆ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಮೂರು ವರ್ಷಗಳ ನಂತರ ಅವರ ತಂಡ ಒಂದು ಜಾಣತನದ ಕೆಲಸ ಮಾಡಿತು: ಸಮವಸ್ತ್ರ ಹೊಲಿಸಲು ಬರೆದಿಟ್ಟಿದ್ದ ಅಳತೆಗಳನ್ನು ತರಿಸಿಕೊಂಡು ಷರಾಯಿಗಳ ಸೊಂಟದ ಸುತ್ತಳತೆಯನ್ನು ಹೋಲಿಸಿತು. ಡ್ರೈವರುಗಳ ಸೊಂಟವೇ ದಪ್ಪ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎಳೆಯ ವಯಸ್ಸಿನ ಡ್ರೈವರುಗಳಲ್ಲೂ ಈ ವ್ಯತ್ಯಾಸ ಕಂಡಿತ್ತು, ಆದ್ದರಿಂದ ಎಲ್ಲ ತಪ್ಪನ್ನೂ ಆ ಕುರ್ಚಿಯ ಮೇಲೆ ಹೊರಿಸಲಾಗದು. ದಪ್ಪಗಿರುವವರು ಕುಳಿತು ಮಾಡುವ ಕೆಲಸವನ್ನೇ ಆರಿಸಿಕೊಂಡಿರಲೂ ಬಹುದು. ಆದರೆ ಮುಂದಿನ ಅಧ್ಯಯನದಲ್ಲಿ ಮಾರಿಸ್ ಅವರಿಗೆ ಕಂಡ ಸಂಗತಿ ನಮಗೆ ಹೆಚ್ಚು ಉಪಯುಕ್ತವಾದುದು. ಕಂಡಕ್ಟರು ತೆಳ್ಳಗಿರಲಿ ದಪ್ಪಗಿರಲಿ, ಮೆಟ್ಟಿಲು ಹತ್ತಿಳಿದದ್ದರ ರಕ್ಷಣೆ ಅವನಿಗೆ ಸಿಕ್ಕಿತ್ತು. ಎಂದರೆ, ನಡೆದರೂ ತೂಕ ಇಳಿಯಲಿಲ್ಲವೆಂದು ನಡಿಗೆಯನ್ನು ಬಿಟ್ಟುಬಿಡುವವರು ತಮ್ಮ ಹೃದಯಕ್ಕೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಾರೆ.

ಇಷ್ಟು ಕಾಲಿನ ಮಾತಾಯಿತು. ಮನಸ್ಸಿನ ಮಾತು ಇದಕ್ಕಿಂತ ತೊಡಕಿನದು.

ಕಾಫಿ ತೋಟದ ಕೆಲಸದಲ್ಲಿ ಆತಂಕ ಮೊದಲಿನಿಂದಲೂ ಇತ್ತು. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಆತಂಕ. ಬಂದು, ಹೂವು ಕಚ್ಚಲು ಬೇಕಾದ ಎರಡನೆಯ ಮಳೆ ಬಾರದಿದ್ದರೆ ಇನ್ನೊಂದು ಆತಂಕ. ಕಣದಲ್ಲಿ ಕಾಫಿ ಹರಡಿದ್ದಾಗ ಅಕಾಲದ ಮೋಡ ಕವಿದರೆ ಮತ್ತೊಂದು. ಇವು ಹಿಂದಿನವರಿಗೂ ಇದ್ದವು. ಆದರೆ ಕಾಫಿ ಮಂಡಳಿಯ ಪೂಲ್ ಪದ್ಧತಿ ನಡೆಯುತ್ತಿದ್ದ ಕಾಲದಲ್ಲಿ ಬೆಳೆಯನ್ನು ಪೂಲಿಗೆ ಒಪ್ಪಿಸಿದರೆ ಮಾರುವ ಚಿಂತೆ ಮಂಡಳಿಯದು. ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು ಎಂಬ ದೂರು ಇತ್ತು, ನಿಜ. 1996ರಲ್ಲಿ ಮುಕ್ತ ಮಾರಾಟ ಪೂರ್ಣವಾಗಿ ಜಾರಿಗೆ ಬಂದ ಮೇಲೆ, ಯಾವ ದಿನ ಮಾರಬೇಕು, ಎಷ್ಟು ಇಟ್ಟುಕೊಳ್ಳಬೇಕು ಎಂಬ ನಿರ್ಧಾರ ತೋಟಕ್ಕೇ ಬಂತು. ಬೆಳೆಗಾರರಿಗೆ ಇದರಿಂದ ಲಾಭವಾದದ್ದುಂಟು, ನಾವು ಅದನ್ನು ದೂರುತ್ತಿಲ್ಲ. ಆದರೆ ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆಯ ದರ ಈಗ ಮಾಗುಂಡಿಯ ಮ್ಯಾನೇಜರರ ಅಂಗಿಯ ಜೇಬಿನಲ್ಲಿದೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಎಚ್ಚರವಾದರೆ ಒಮ್ಮೆ ಅದನ್ನು ನೋಡುವವರಿದ್ದಾರೆ. ಇದರ ಮೇಲೆ ಆಳುಗಳ ಅಭಾವ, ದೂರದ ಅಸ್ಸಾಮಿನಿಂದ ಬಂದ ತಂಡ ಹಬ್ಬಕ್ಕೆಂದು ಹೊರಟು ನಿಂತಾಗಿನ ಕಳವಳ, ಶನಿವಾರದ ಬಟವಾಡೆ, ಮೆಣಸಿನ ಕಳವು, ತೋಟಕ್ಕಿಳಿದ ಕಾಡಾನೆ.

ಒತ್ತಡವೆಂಬುದನ್ನು ಶರೀರವು ತನ್ನದೇ ಭಾಷೆಯಲ್ಲಿ ಓದಿಕೊಳ್ಳುತ್ತದೆ. ಎದುರಿಗೆ ಹುಲಿ ಬಂದಾಗಲೂ, ಮಾಲೀಕರ ಕರೆ ಬಂದಾಗಲೂ ಮಿದುಳು ಕಳಿಸುವ ಆಜ್ಞೆ ಹೆಚ್ಚುಕಡಿಮೆ ಒಂದೇ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಅನಂತರ ಕಾರ್ಟಿಸೋಲ್ ಎಂಬ ರಸಗಳನ್ನು ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ನಾಡಿ ತ್ವರಿತವಾಗುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ಮಾಡಿದ ಸಿದ್ಧತೆ ಇದು. ಹುಲಿ ಬಂದವನು ಓಡುತ್ತಾನೆ, ಆ ಸಕ್ಕರೆ ಖರ್ಚಾಗುತ್ತದೆ. ಕರೆ ಬಂದವನು ಕುರ್ಚಿಯಲ್ಲೇ ಕುಳಿತು "ಆಯ್ತು ಸಾರ್" ಎನ್ನುತ್ತಾನೆ. ಇಂತಹ ಸಿದ್ಧತೆ ದಿನಕ್ಕೆ ಹತ್ತು ಬಾರಿ, ವರ್ಷಗಟ್ಟಲೆ ನಡೆದರೆ ಕಾರ್ಟಿಸೋಲ್ ತಾನಿರಬೇಕಾದ ಮಟ್ಟಕ್ಕಿಂತ ಹೆಚ್ಚು ಹೊತ್ತು ಮೇಲೆಯೇ ಉಳಿಯಬಹುದು. ಅದಕ್ಕೆ ಎರಡು ಕೆಟ್ಟ ಗುಣಗಳಿವೆ. ಕೊಬ್ಬನ್ನು ಹೊಟ್ಟೆಯೊಳಗೆ, ಕರುಳಿನ ಸುತ್ತ ಸಂಗ್ರಹಿಸುವಂತೆ ಮಾಡುತ್ತದೆ. ಸಿಹಿಯ ಮತ್ತು ಕರಿದ ಪದಾರ್ಥಗಳ ಕಡೆಗೆ ನಾಲಗೆಯನ್ನು ಎಳೆಯುತ್ತದೆ. ಲೆಕ್ಕ ತಾಳೆಯಾಗದ ರಾತ್ರಿ ಕೋಡುಬಳೆಯ ಡಬ್ಬಿ ತನ್ನಷ್ಟಕ್ಕೆ ತಾನೇ ಬರಿದಾಗುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಒತ್ತಡವಿದ್ದವರೆಲ್ಲರೂ ದಪ್ಪಗಾಗುತ್ತಾರೆಯೇ? ಇಲ್ಲ. ಬ್ರಿಟನ್ನಿನಲ್ಲಿ 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಸೇರಿಸಿಕೊಂಡು ಆರಂಭಿಸಿದ ವೈಟ್‌ಹಾಲ್ ಅಧ್ಯಯನ ಇದಕ್ಕೆ ಸೂಕ್ಷ್ಮವಾದ ಉತ್ತರ ಕೊಟ್ಟಿದೆ. ಅದರ 2006ರ ವರದಿಯ ಪ್ರಕಾರ, ಮೊದಲೇ ತೆಳ್ಳಗಿದ್ದ ಗಂಡಸರು ಕೆಲಸದ ಒತ್ತಡದಲ್ಲಿ ಇನ್ನಷ್ಟು ಇಳಿದರು, ಮೊದಲೇ ಮೈತುಂಬಿದ್ದವರು ಇನ್ನಷ್ಟು ಏರಿದರು. ಚಿಂತೆಯಲ್ಲಿ ಅನ್ನ ಸೇರದವರೂ, ಚಿಂತೆಯಲ್ಲಿ ಅನ್ನವೇ ಆಸರೆಯಾದವರೂ ನಮ್ಮ ಮನೆಗಳಲ್ಲೂ ಇದ್ದಾರಷ್ಟೆ. ಮರುವರ್ಷದ ವರದಿ 19 ವರ್ಷಗಳ ಲೆಕ್ಕವನ್ನು ಮುಂದಿಟ್ಟಿತು: ಕೆಲಸದ ಒತ್ತಡವನ್ನು ಒಮ್ಮೆ ಹೇಳಿಕೊಂಡವರಿಗಿಂತ ಎರಡು ಬಾರಿ ಹೇಳಿಕೊಂಡವರಲ್ಲಿ, ಅವರಿಗಿಂತ ಮೂರು ಅಥವಾ ಹೆಚ್ಚು ಬಾರಿ ಹೇಳಿಕೊಂಡವರಲ್ಲಿ ಸ್ಥೂಲಕಾಯದ ಮತ್ತು ಹೊಟ್ಟೆಯ ಬೊಜ್ಜಿನ ಸಂಭವ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು.

ಇಲ್ಲಿ ಒತ್ತಡವೆಂಬ ಪದಕ್ಕೆ ಆ ವಿಜ್ಞಾನಿಗಳು ಕೊಟ್ಟ ಅರ್ಥವನ್ನು ಗಮನಿಸಬೇಕು. ಬರಿಯ ಕೆಲಸದ ರಾಶಿ ಒತ್ತಡವಲ್ಲ. ಹೊಣೆ ಹೆಚ್ಚು, ತೀರ್ಮಾನಿಸುವ ಅಧಿಕಾರ ಕಡಿಮೆ, ಜೊತೆಗಾರರ ಮತ್ತು ಮೇಲಿನವರ ಆಸರೆಯೂ ಕಡಿಮೆ, ಈ ಮೂರೂ ಕೂಡಿದ ಸ್ಥಿತಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು. ಓದುವಾಗ ನಮಗೆ ನೆನಪಾದದ್ದು ನಮ್ಮ ತೋಟಗಳ ರೈಟರು ಮತ್ತು ಸಂಬಳದ ಮ್ಯಾನೇಜರು. ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ. ಕೂಲಿ ಇಷ್ಟೇ ಎಂದು ಅಲ್ಲಿಂದ ನಿಗದಿಯಾಗುತ್ತದೆ. ಆ ಕೂಲಿಗೆ ಆಳು ಬಾರದಿದ್ದರೆ, ಹಣ್ಣು ನೆಲಕ್ಕುದುರಿದರೆ ಉತ್ತರ ಹೇಳಬೇಕಾದವರು ಇವರು. ತೋಟದ ನಡುವಿನ ಕ್ವಾರ್ಟರ್ಸಿನಲ್ಲಿ ಒಂಟಿ ವಾಸ, ಮಕ್ಕಳು ಓದಿಗೆಂದು ಹಾಸನದಲ್ಲೋ ಮಂಗಳೂರಿನಲ್ಲೋ. ಆಡಿಕೊಳ್ಳಲು ಯಾರೂ ಇಲ್ಲದ ಈ ಚಿಂತೆ, ಸಾಹುಕಾರರ ಚಿಂತೆಗಿಂತ ಮೈಗೆ ಹೆಚ್ಚು ಹಾನಿ ಮಾಡುವಂಥದು ಎಂಬುದು ನಮ್ಮ ಭಾವನೆ.

ನಿದ್ರೆಯ ಬಗ್ಗೆಯೂ ಒಂದು ಮಾತು. ಕೊಯ್ಲಿನ ಕಾಲದಲ್ಲಿ ಪಲ್ಪರ್ ರಾತ್ರಿ ಹತ್ತರವರೆಗೆ ಓಡುತ್ತದೆ, ಬೆಳಗಿನ ಹಾಜರಿಗೆ ಐದಕ್ಕೇ ಏಳಬೇಕು. 2004ರಲ್ಲಿ ಚಿಕಾಗೋದ ಸಂಶೋಧಕರು ಆರೋಗ್ಯವಂತರಾದ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದ್ದರು. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ 18 ಶೇಕಡಾ ಇಳಿದಿತ್ತು, ಹಸಿವೆಂದು ಕೂಗುವ ಗ್ರೆಲಿನ್ 28 ಶೇಕಡಾ ಏರಿತ್ತು. ಬರಿಯ ಎರಡೇ ರಾತ್ರಿ!

ಇನ್ನು ಊಟೋಪಚಾರ. ಮಲೆನಾಡಿನ ಊಟವನ್ನು ನಾವು ದೂರುವುದಿಲ್ಲ. ಕಡುಬು, ರೊಟ್ಟಿ, ಕೆಸುವು, ಕಳಲೆ, ಎಲ್ಲವೂ ಗುಡ್ಡ ಹತ್ತಿ ದುಡಿಯುವವರ ಮೈಗೆ ಒಗ್ಗಿದ ಆಹಾರ. ಕೆಟ್ಟಿರುವುದು ಉಣ್ಣುವ ಹೊತ್ತು. ಹಗಲು ಗಡಿಬಿಡಿಯಲ್ಲಿ ಊಟ ತಪ್ಪುತ್ತದೆ, ಅದರ ಜಾಗಕ್ಕೆ ಕಾಫಿ ಬರುತ್ತದೆ. ರಾತ್ರಿ ಹತ್ತೂವರೆಗೆ ಎರಡು ಹೊತ್ತಿನ ಊಟ ಒಟ್ಟಿಗೆ. ಆ ಕಾಫಿಯ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ, 40 ಕ್ಯಾಲೊರಿ. ಕಾಣುವ ಪ್ರತಿ ಮನೆ, ಪ್ರತಿ ಕಚೇರಿಯಲ್ಲಿ ಒಂದೊಂದು ಲೋಟವಾಗಿ ದಿನಕ್ಕೆ ಆರಾದರೆ ಬರಿಯ ಸಕ್ಕರೆಯಿಂದಲೇ 240 ಕ್ಯಾಲೊರಿ. ಅದನ್ನು ಕರಗಿಸಲು ಮೇಲಿನ ಲೆಕ್ಕದಂತೆ ಸುಮಾರು 5 ಕಿಲೋಮೀಟರ್ ನಡೆಯಬೇಕು. ಕಾಫಿ ಬೆಳೆಯುವ ನಾಡಿನವರಿಗೆ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನಮಗಿಲ್ಲ. ಸಕ್ಕರೆಯನ್ನು ಅರ್ಧ ಚಮಚಕ್ಕಿಳಿಸಿ, ಸಂಜೆ ನಾಲ್ಕರ ನಂತರ ಕುಡಿಯಬೇಡಿ ಎಂದಷ್ಟೇ ಹೇಳುತ್ತೇವೆ. ದಣಿವಾರಿಸಿಕೊಳ್ಳಲೆಂದು ಸಂಜೆ ಮದ್ಯಕ್ಕೆ ಕೈಚಾಚುವ ರೂಢಿಯೂ ತೋಟದ ಪ್ರಾಂತ್ಯದಲ್ಲಿ ಬೇರೂರಿದೆ. 60 ಮಿಲಿಲೀಟರಿಗೆ ಸುಮಾರು 140 ಕ್ಯಾಲೊರಿ, ಅದರೊಡನೆ ತಿನ್ನುವ ಕರಿದದ್ದು ಬೇರೆ. ಮದ್ಯ ನಿದ್ರೆಯನ್ನು ಬೇಗ ತರುತ್ತದೆ, ನಡುರಾತ್ರಿ ಅದನ್ನು ಕೆಡಿಸುತ್ತದೆ. ಬಿಡಬೇಕಾದುದೆಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ತಮಗೆ ತೂಕ ಹೆಚ್ಚಾಗಿದೆಯೇ ಎಂದು ತಿಳಿಯುವುದು ಹೇಗೆ? ಕನ್ನಡಿ ಇದನ್ನು ಸರಿಯಾಗಿ ಹೇಳುವುದಿಲ್ಲ, ನೆಂಟರು ಇನ್ನೂ ತಪ್ಪಾಗಿ ಹೇಳುತ್ತಾರೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ದೇಹತೂಕದ ಸೂಚ್ಯಂಕ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಬರುವುದನ್ನು ಕಂಡು ನಮ್ಮ ದೇಶದ ತಜ್ಞರು 2009ರಲ್ಲಿ ಗಡಿಯನ್ನು ಕೆಳಗಿಳಿಸಿದರು: 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಸ್ಥೂಲಕಾಯ. 168 ಸೆಂಟಿಮೀಟರ್ ಎತ್ತರದವರು 72 ಕಿಲೋ ಇದ್ದರೆ ಸೂಚ್ಯಂಕ 25.5. ಊರಿನವರು "ಈಗ ಮೈಕೈ ತುಂಬಿಕೊಂಡಿದ್ದೀರಿ" ಎಂದು ಮೆಚ್ಚುವ ತೂಕವದು. ತಕ್ಕಡಿಗಿಂತ ಟೇಪು ಇನ್ನೂ ನಂಬಿಕೆಗೆ ಅರ್ಹ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟಿ "ನನ್ನದು ಇಪ್ಪತ್ತು ವರ್ಷದಿಂದ 34 ಇಂಚೇ" ಎನ್ನುವವರು ಟೇಪನ್ನು ಎರಡಿಂಚು ಮೇಲಕ್ಕೆ ಏರಿಸಿ ನೋಡಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ 39.5 ಶೇಕಡಾ ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು.

ಮಾಡಬೇಕಾದುದೇನು? ಪಟ್ಟಣದ ಪತ್ರಿಕೆಗಳು ಕೊಡುವ ಸಲಹೆ ನಮ್ಮ ಗುಡ್ಡಗಳಲ್ಲಿ ನಡೆಯುವುದಿಲ್ಲ. ನಸುಕಿನ ಐದಕ್ಕೆ ವಾಯುವಿಹಾರಕ್ಕೆ ಹೊರಡಿ ಎನ್ನುತ್ತಾರೆ. ಮೂಡಿಗೆರೆ, ಆಲ್ದೂರು ಭಾಗದಲ್ಲಿ ಆ ಹೊತ್ತಿಗೆ ಒಂಟಿಯಾಗಿ ಹೊರಟರೆ ಆನೆ ಎದುರಾದೀತು. ಆನೆಯ ಕಾಲಿಗೆ ಸಿಕ್ಕಿ ಸತ್ತವರ ಮನೆಗಳು ಇಲ್ಲಿವೆ, ಇದು ಹಾಸ್ಯದ ಮಾತಲ್ಲ. ಮಳೆಗಾಲದಲ್ಲಿ ನಡೆಯಿರಿ ಎಂದರೆ ಕೊಟ್ಟಿಗೆಹಾರದ ಮಳೆಯನ್ನೂ ತೋಟದ ಇಂಬಳಗಳನ್ನೂ ಅವರು ಕಂಡಿಲ್ಲ. ಕೊಯ್ಲಿನ ಸಮಯದಲ್ಲಿ ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಳ್ಳಿ ಎಂಬುದಂತೂ ಮಾಡಲಾಗದ ಮಾತು.

ಆದ್ದರಿಂದ ನಮ್ಮ ಸಲಹೆ ಬೇರೆ. ಕೆಲಸದ ಹೊರಗೆ ವ್ಯಾಯಾಮ ಹುಡುಕುವ ಬದಲು ಕೆಲಸದೊಳಗಿಂದ ಕಳೆದುಹೋದ ನಡಿಗೆಯನ್ನು ಮರಳಿ ತನ್ನಿ. ಅರಣ್ಯ ಇಲಾಖೆಯವರ ಆನೆ ಸುದ್ದಿಯನ್ನು ನೋಡಿಕೊಂಡು, ಬೆಳಕು ಚೆನ್ನಾಗಿ ಹರಿದ ಮೇಲೆ, ಆಳುಗಳು ಹೊರಡುವಾಗ ಅವರೊಡನೆಯೇ ಬ್ಲಾಕಿಗೆ ನಡೆಯಿರಿ. ಜೀಪು ಆಮೇಲೆ ಬರಲಿ. ಬ್ಲಾಕಿನ ಮೇಲಿನ ದಾರಿಯಲ್ಲಿ ಜೀಪು ಬಿಟ್ಟು, ತೋಟದೊಳಗೆ ಇಳಿದು, ಕೆಳಗಿನ ದಾರಿಯಲ್ಲಿ ಹತ್ತಿಕೊಳ್ಳುವುದು ಇನ್ನೊಂದು ಉಪಾಯ. ಏರು ಆಗದವರಿಗೆ ಇಳಿಜಾರಿನಿಂದ ಆರಂಭಿಸಲು ಇದು ಅನುಕೂಲ. ಹೀಗೆ ನಡೆದವರ ಕಣ್ಣಿಗೆ ಕಾಂಡಕೊರಕದ ಗಿಡವೂ, ಕಾಯಿಕೊರಕದ ತೂತೂ ಜೀಪಿನಲ್ಲಿ ಹೋದವರಿಗಿಂತ ಮೊದಲು ಬೀಳುತ್ತವೆ ಎಂಬುದನ್ನು ಮಾಲೀಕರಿಗೂ ತಿಳಿಸಬಹುದು. ತೂಕದ ಜಾಗದಲ್ಲಿ ಕುರ್ಚಿ ಹಾಕಿಸಬೇಡಿ, ನಿಂತು ಬರೆಯಿರಿ. ಫೋನಿನಲ್ಲಿ ಮಾತಾಡುವಾಗ ಕಣದ ಸುತ್ತ ಸುತ್ತಿರಿ. ಮಾಲೀಕರ ಒಂದು ಕರೆಗೆ ಅರ್ಧ ಕಿಲೋಮೀಟರ್ ಆಗುವುದುಂಟು. ಇಂತಹ ಚಿಲ್ಲರೆ ಓಡಾಟವನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಜೇಮ್ಸ್ ಲೆವಿನ್ ಎಂಬ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಪ್ಪಗಿದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಎರಡು ಗಂಟೆ ಹೆಚ್ಚು ಕುಳಿತಿರುತ್ತಿದ್ದರು, ಅಷ್ಟೇ ವ್ಯತ್ಯಾಸ. ಆ ಎರಡು ಗಂಟೆಯ ಬೆಲೆ ದಿನಕ್ಕೆ 350 ಕ್ಯಾಲೊರಿಯೆಂದು ಅವರ ಅಂದಾಜು. ಮಳೆಗಾಲಕ್ಕೆ ಗೋದಾಮಿನ ಒಳಗೆ, ಬಂಗಲೆಯ ಜಗಲಿಯಲ್ಲಿ ಹತ್ತು ಹತ್ತು ನಿಮಿಷದ ನಡಿಗೆ, ಒಂದಿಷ್ಟು ಸೂರ್ಯನಮಸ್ಕಾರ ಸಾಕು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ಚಲನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ಒಂದೇ ಬಾರಿಗೆ ಮಾಡಬೇಕೆಂದಿಲ್ಲ. ನಲವತ್ತು ದಾಟಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಏರು ಹತ್ತುವಾಗ ಎದೆ ಹಿಡಿದಂತಾಗುವವರು ಮೊದಲು ವೈದ್ಯರನ್ನು ಕಂಡು ಬರಬೇಕು.

ಕಾಯಕವೆಂಬ ಮಾತಿನೊಳಗೇ ಕಾಯ ಇದೆಯೆಂದು ಹಿರಿಯರು ಹೇಳುವುದುಂಟು. ಶರಣರಲ್ಲಿ ದೋಣಿ ನಡೆಸಿದವರು, ದನ ಕಾಯ್ದವರು, ಸೌದೆ ಹೊತ್ತವರು ಇದ್ದರು. ಲೆಕ್ಕ ಬರೆಯುವ ಕರಣಿಕರಾಗಿ ಕೆಲಸ ಆರಂಭಿಸಿದ ಬಸವಣ್ಣನವರೂ ಇದ್ದರು. ಕುಳಿತು ಬರೆಯುವ ಕೆಲಸ ಕೀಳೆಂದೋ, ಮೇಲೆಂದೋ ಹೇಳಲು ನಾವು ಹೊರಟಿಲ್ಲ. ಹಾಗೆಯೇ, ಮೊದಲು ಹೇಳಿದ ಆ ಕೊಯ್ಲಿನ ಹೆಣ್ಣುಮಗಳ ಸಣಕಲು ಮೈಯನ್ನು ಯಾರೂ ಆರೋಗ್ಯವೆಂದು ಭ್ರಮಿಸಬಾರದು. ಅವಳ ರಕ್ತಹೀನತೆಯ ವಿಷಯವೇ ಬೇರೊಂದು ಲೇಖನವನ್ನು ಬೇಡುತ್ತದೆ.

ಮಾಲೀಕರಿಗೂ ಒಂದು ವಿನಂತಿಯಿದೆ. ಒತ್ತಡವನ್ನು ಮ್ಯಾನೇಜರರು ಧ್ಯಾನದಿಂದ ತಾವೇ ನೀಗಿಕೊಳ್ಳಲಿ ಎಂದು ಬಿಟ್ಟುಬಿಡುವುದು ಸುಲಭ. ಧ್ಯಾನ ಒಳ್ಳೆಯದೇ, ಆದರೆ ರಾತ್ರಿ ಹನ್ನೊಂದಕ್ಕೆ ಬರುವ ಕರೆಯನ್ನು ಅದು ತಡೆಯುವುದಿಲ್ಲ. ಕೂಲಿಯ ದರದಲ್ಲಿ, ಆಳುಗಳ ತಂಡವನ್ನು ಗೊತ್ತುಮಾಡುವುದರಲ್ಲಿ ಸ್ಥಳದಲ್ಲಿರುವವರಿಗೆ ಒಂದಿಷ್ಟು ಅಧಿಕಾರ ಕೊಡಿ. ರಾತ್ರಿ ಎಂಟರ ನಂತರ ಕರೆ ಮಾಡಬೇಡಿ. ಕೊಯ್ಲಿನ ನಡುವೆಯೂ ವಾರಕ್ಕೊಂದು ದಿನ ಅವರು ಹೆಂಡತಿ ಮಕ್ಕಳೊಡನೆ ಉಣ್ಣುವಂತೆ ನೋಡಿಕೊಳ್ಳಿ. ಒಬ್ಬ ನುರಿತ ಮ್ಯಾನೇಜರರು ಕೊಯ್ಲಿನ ನಡುವೆ ಹಾಸಿಗೆ ಹಿಡಿದರೆ ಆಗುವ ನಷ್ಟ ಎಷ್ಟೆಂದು ಮಾಲೀಕರಿಗೆ ನಾವು ಹೇಳಬೇಕಾಗಿಲ್ಲ.

ಹಾಸಿಗೆ ಹಿಡಿಯುವುದು ಒಂದು ಪಕ್ಷ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್, ಅದೂ ತಿರುವಿನ ದಾರಿ. ಎದೆಯ ನಡುವೆ ಒತ್ತಿದಂತಹ ನೋವು, ಅದು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಇವು ಕಂಡಾಗ "ಗ್ಯಾಸ್ಟ್ರಿಕ್ ಇರಬೇಕು, ಬಟವಾಡೆ ಮುಗಿಸಿ ಹೋಗೋಣ" ಎಂದು ಕಾಯಬಾರದು. ತಾವೇ ಜೀಪು ನಡೆಸಿಕೊಂಡು ಹೋಗಲೂ ಬಾರದು. ರಾಜ್ಯ ಸರ್ಕಾರವು 2023ರ ನವೆಂಬರಿನಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಕಳಿಸುವುದು. ತಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ಈಗಲೇ, ಕೊಯ್ಲು ಬಿರುಸಾಗುವ ಮೊದಲೇ ವಿಚಾರಿಸಿಕೊಂಡು ಕಚೇರಿಯ ಗೋಡೆಯ ಮೇಲೆ ಬರೆದು ಹಾಕಿ.

ಕೊನೆಗೆ ಒಂದು ಸಣ್ಣ ಕೆಲಸ. ಈ ವರ್ಷದ ಮೊದಲ ಕೊಯ್ಲಿನ ದಿನ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ತಾರೀಖು ಹಾಕಿ ತಮ್ಮ ತೂಕವನ್ನೂ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಿ. ರೊಬಸ್ಟಾ ಮುಗಿದು ಕಡೆಯ ಬಟವಾಡೆಯಾದ ದಿನ ಅದರ ಕೆಳಗೆ ಇನ್ನೊಮ್ಮೆ ಬರೆಯಿರಿ.